ಮಗುವಿಗೆ ರಕ್ತ ಬೇಕೆಂದಾಗ ಮನೆಯವರದೇ ಆಗಬೇಕೆ?

ಮಗುವಿಗೆ ರಕ್ತ ಹಾಕಬೇಕು ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರ ಬಾಯಿಂದ ಬರುವ ಮೊದಲ ಮಾತು ‘ನಂದೇ ತಗೊಳ್ಳಿ’ ಎಂಬುದು. ಬ್ಲಡ್ ಗ್ರೂಪ್ ಹೊಂದಿದರೆ ಅಪ್ಪ, ಇಲ್ಲದಿದ್ದರೆ ಚಿಕ್ಕಪ್ಪ, ಸೋದರಮಾವ, ಅವರ ಸ್ನೇಹಿತರು ಎಂದು ಊರಿಂದೂರಿಗೆ ಫೋನ್ ಹೋಗುತ್ತದೆ. ಯಾರೋ ಗುರುತಿಲ್ಲದವರ ರಕ್ತಕ್ಕಿಂತ ನಮ್ಮವರ ರಕ್ತವೇ ಮೇಲು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಅದನ್ನು ಪ್ರಶ್ನಿಸಿದರೆ ಹೆತ್ತವರ ಮಮತೆಯನ್ನೇ ಪ್ರಶ್ನಿಸಿದಂತಾಗುತ್ತದೆ. ಆದರೂ ಪ್ರಶ್ನಿಸಲೇಬೇಕು. ಮಗುವಿನ ಹೆಸರಿನಲ್ಲಿ ಮನೆಯವರು ರಕ್ತ ಕೊಡುವುದು ಒಳ್ಳೆಯದು. ಆದರೆ ಅದೇ ರಕ್ತ ಅದೇ ಮಗುವಿನ ಮೈ ಸೇರಬೇಕೆಂದು ಹಟ ಹಿಡಿಯುವುದು ಬಹುಪಾಲು ಸಂದರ್ಭಗಳಲ್ಲಿ ಮಗುವಿಗೆ ಹಿತವಲ್ಲ, ಕೆಲವು ಸಂದರ್ಭಗಳಲ್ಲಿ ಅಪಾಯಕಾರಿ. ಇದು ವೈದ್ಯಕೀಯ ಅನುಭವ ಹೇಳುವ ಮಾತು. ಅದಕ್ಕೆ ಆಧಾರವೇನು, ಎಲ್ಲಿ ವಿನಾಯಿತಿ ಇದೆ, ತಂದೆತಾಯಿ ಏನು ಮಾಡಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಗುರುತಿನವರ ರಕ್ತ ಹೆಚ್ಚು ಸುರಕ್ಷಿತವೇ?

ಈ ನಂಬಿಕೆ ಬಲಗೊಂಡದ್ದು ಏಡ್ಸ್ ಭಯದ ದಿನಗಳಲ್ಲಿ. 1982ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಹುಟ್ಟಿದಾಗಿನಿಂದ ಹಲವು ಬಾರಿ ರಕ್ತ ಪಡೆದಿದ್ದ 20 ತಿಂಗಳ ಮಗುವೊಂದಕ್ಕೆ ಏಡ್ಸ್ ಲಕ್ಷಣಗಳು ಕಾಣಿಸಿಕೊಂಡ ವರದಿ ಬಂತು. ರಕ್ತದಲ್ಲಿ ಎಚ್‌ಐವಿ ಪತ್ತೆಹಚ್ಚುವ ಪರೀಕ್ಷೆಗೆ ಅಲ್ಲಿ ಅನುಮತಿ ಸಿಕ್ಕಿದ್ದು 1985ರಲ್ಲಿ. ನಡುವಿನ ಆ ಕತ್ತಲಲ್ಲಿ, ನಂಬಿದವರ ರಕ್ತವನ್ನೇ ಹೆಸರಿಸಿ ಕೊಡಿಸುವುದು ಹೆತ್ತವರಿಗೆ ಉಳಿದಿದ್ದ ಏಕೈಕ ದಾರಿಯಾಗಿ ಕಂಡದ್ದು ಸಹಜ. ಆದರೆ ಇಂದು ಸ್ಥಿತಿ ಬೇರೆ. ಭಾರತದಲ್ಲಿ ದಾನವಾಗಿ ಬಂದ ಪ್ರತಿಯೊಂದು ಚೀಲ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಕ್ಕಾಗಿ ಪರೀಕ್ಷಿಸುವುದು ಕಡ್ಡಾಯ. ಕೊಟ್ಟವರು ಅಪ್ಪನೇ ಆಗಿರಲಿ, ದಾರಿಹೋಕನೇ ಆಗಿರಲಿ, ಪರೀಕ್ಷೆ ಒಂದೇ.

ಪರೀಕ್ಷೆ ಒಂದೇ ಎಂದಮೇಲೆ ವ್ಯತ್ಯಾಸ ಬರುವುದು ಪರೀಕ್ಷೆಗೆ ಸಿಗದ ಅವಧಿಯಲ್ಲಿ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ವೈರಾಣು ರಕ್ತದಲ್ಲಿದ್ದರೂ ಪರೀಕ್ಷೆಗೆ ಕಾಣುವುದಿಲ್ಲ. ಎಚ್‌ಐವಿ ವಿಷಯದಲ್ಲಿ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆಗೆ ಈ ಕುರುಡು ಅವಧಿ ಸುಮಾರು ಮೂರು ವಾರ. ವೈರಾಣುವಿನ ವಂಶವಾಹಿ ವಸ್ತುವನ್ನೇ ಹುಡುಕುವ ನ್ಯಾಟ್ ಪರೀಕ್ಷೆಯಲ್ಲಿ ಅದು ಸುಮಾರು ಹತ್ತು ದಿನಕ್ಕೆ ಇಳಿಯುತ್ತದೆ. ನ್ಯಾಟ್ ನಮ್ಮ ದೇಶದ ಎಲ್ಲ ರಕ್ತನಿಧಿಗಳಲ್ಲೂ ಇಲ್ಲ. ಆ ಅವಧಿಯಲ್ಲಿ ಮಗುವನ್ನು ಕಾಯುವುದು ದಾನಿಯ ಪ್ರಾಮಾಣಿಕತೆ ಮಾತ್ರ. ರಕ್ತ ಕೊಡುವ ಮುನ್ನ ತುಂಬಿಸುವ ಪ್ರಶ್ನಾವಳಿಯಲ್ಲಿ ಇತ್ತೀಚಿನ ಕಾಯಿಲೆ, ಔಷಧಿ, ಹಚ್ಚೆ, ಲೈಂಗಿಕ ಸಂಪರ್ಕ, ಸೂಜಿ ಹಂಚಿಕೊಂಡಿದ್ದು ಇವೆಲ್ಲವನ್ನೂ ಕೇಳುತ್ತಾರೆ. ಯಾರ ಒತ್ತಾಯವೂ ಇಲ್ಲದೆ ಬಂದವನು ಸತ್ಯ ಹೇಳಿ ಎದ್ದುಹೋಗಬಲ್ಲ. ಆದರೆ ಹೊರಗೆ ಅಕ್ಕ ಅಳುತ್ತಾ ಕುಳಿತಿರುವಾಗ, ಇಡೀ ಕುಟುಂಬ ತನ್ನನ್ನೇ ನೋಡುತ್ತಿರುವಾಗ, ‘ನಾನು ಕೊಡುವ ಹಾಗಿಲ್ಲ’ ಎಂದು ಹೇಳುವುದು ಸೋದರಮಾವನಿಗೆ ಎಷ್ಟು ಕಷ್ಟ ಎಂಬುದನ್ನು ಯೋಚಿಸಿ. ಏಕೆ ಕೊಡುವ ಹಾಗಿಲ್ಲ ಎಂಬ ಪ್ರಶ್ನೆ ಆ ಕ್ಷಣವೇ ಏಳುತ್ತದೆ. ಆ ಭಯಕ್ಕೆ ಅವನು ಬಾಯಿ ಮುಚ್ಚಿಕೊಂಡರೆ ಅಪಾಯಕ್ಕೆ ಸಿಲುಕುವುದು ಮಗು. ಹೆಸರಿಸಿ ಕೊಟ್ಟ ರಕ್ತದಲ್ಲಿ ಸೋಂಕಿನ ಗುರುತುಗಳು ಸ್ವಯಂಪ್ರೇರಿತ ದಾನಿಗಳ ರಕ್ತಕ್ಕಿಂತ ಕಡಿಮೆಯಿಲ್ಲ, ಬದಲಿಗೆ ಹೆಚ್ಚಿವೆ ಎಂದು ಅಮೆರಿಕದ ಅಧ್ಯಯನಗಳು ಕಂಡುಕೊಂಡವು. ಇದಕ್ಕೆ ಮುಖ್ಯ ಕಾರಣ ಇಂಥ ದಾನಿಗಳಲ್ಲಿ ಬಹಳ ಮಂದಿ ಮೊದಲ ಸಲ ರಕ್ತ ಕೊಡುವವರು. ವರ್ಷಕ್ಕೆ ಮೂರ್ನಾಲ್ಕು ಬಾರಿ ಕೊಡುತ್ತಾ ಬಂದವರ ರಕ್ತ ಪ್ರತಿ ಸಲವೂ ಪರೀಕ್ಷೆ ದಾಟಿ ಬಂದಿರುತ್ತದೆ.

ರಕ್ತಸಂಬಂಧವೇ ತೊಡಕಾಗುವುದು ಹೇಗೆ?

ಸೋಂಕಿನ ಮಾತು ಹಾಗಿರಲಿ, ರಕ್ತಸಂಬಂಧಿಗಳ ರಕ್ತಕ್ಕೇ ಅಂಟಿಕೊಂಡಿರುವ ಅಪಾಯ ಇನ್ನೊಂದಿದೆ. ಹೊರಗಿನ ರಕ್ತದೊಂದಿಗೆ ದಾನಿಯ ಬಿಳಿ ಕಣಗಳೂ ಮಗುವಿನ ಮೈ ಸೇರುತ್ತವೆ. ದಾನಿ ಅಪರಿಚಿತನಾದರೆ ಮಗುವಿನ ರೋಗನಿರೋಧಕ ವ್ಯವಸ್ಥೆ ಅವುಗಳನ್ನು ಪರಕೀಯವೆಂದು ಗುರುತಿಸಿ ನಾಶಮಾಡುತ್ತದೆ. ಹತ್ತಿರದ ಸಂಬಂಧಿಯದಾದರೆ, ಅಂಗಾಂಶದ ಗುರುತುಗಳು ಹೋಲುವುದರಿಂದ, ಕೆಲವೊಮ್ಮೆ ಮಗುವಿನ ದೇಹ ಅವುಗಳನ್ನು ತನ್ನವೇ ಎಂದು ಬಿಟ್ಟುಬಿಡುತ್ತದೆ. ಆದರೆ ಆ ಕಣಗಳು ಮಗುವಿನ ದೇಹವನ್ನು ಪರಕೀಯವೆಂದೇ ಎಣಿಸಿ, ಚರ್ಮ, ಯಕೃತ್ತು, ಕರುಳು, ಅಸ್ಥಿಮಜ್ಜೆಗಳ ಮೇಲೆ ದಾಳಿ ಮಾಡುತ್ತವೆ. ರಕ್ತ ಪಡೆದ ಒಂದೆರಡು ವಾರದಲ್ಲಿ ಜ್ವರ, ಮೈಮೇಲೆ ದದ್ದು, ಭೇದಿ, ಕಾಮಾಲೆ ಕಾಣಿಸಿಕೊಂಡು ರಕ್ತಕಣಗಳೆಲ್ಲ ಕುಸಿಯುತ್ತವೆ. ಇದು ಅಪರೂಪ, ನಿಜ. ಆದರೆ ಬಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಉಳಿಯುವುದಿಲ್ಲ. ಬಂದ ಮೇಲೆ ಸರಿಯಾದ ಚಿಕಿತ್ಸೆ ಇಲ್ಲ. ಬರದಂತೆ ತಡೆಯುವುದೊಂದೇ ದಾರಿ. ಜಪಾನಿನ ಅನುಭವ ಇಲ್ಲಿ ದೊಡ್ಡ ಪಾಠ. ಅಲ್ಲಿ ಶಸ್ತ್ರಚಿಕಿತ್ಸೆಗೆ ಮನೆಯವರ ತಾಜಾ ರಕ್ತ ಕೊಡುವ ರೂಢಿಯಿತ್ತು, ಜನರ ಅಂಗಾಂಶ ಗುರುತುಗಳಲ್ಲೂ ಹೋಲಿಕೆ ಹೆಚ್ಚು. ರೋಗನಿರೋಧಕ ಶಕ್ತಿ ಚೆನ್ನಾಗಿದ್ದವರೂ ಈ ತೊಂದರೆಯಿಂದ ಸತ್ತರು. ಎಲ್ಲ ರಕ್ತಕ್ಕೂ ವಿಕಿರಣ ಹಾಯಿಸುವ ಪದ್ಧತಿ ವ್ಯಾಪಕವಾದ ಮೇಲೆ, 2000ದ ನಂತರ ಅಲ್ಲಿ ಈ ತೊಂದರೆ ಇಲ್ಲವೆನ್ನುವಷ್ಟು ಮರೆಯಾಯಿತು.

ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಟ್ಟು ತರುವ ರೂಢಿ ಕರ್ನಾಟಕದ ಅನೇಕ ಕುಟುಂಬಗಳಲ್ಲಿ ಇದ್ದೇ ಇದೆ. ಹೀಗೆ ಒಳಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಅಂಗಾಂಶ ಗುರುತುಗಳ ಹೋಲಿಕೆ ಇನ್ನಷ್ಟು ಹೆಚ್ಚು. ಹಾಗಾಗಿ ಜಪಾನಿನ ಪಾಠ ನಮಗೆ ದೂರದ್ದಲ್ಲ. ರಕ್ತಸಂಬಂಧಿಯ ರಕ್ತವನ್ನೇ ಕೊಡಬೇಕಾಗಿ ಬಂದರೆ, ಕೆಂಪು ಕಣಗಳ ಮತ್ತು ಪ್ಲೇಟ್‌ಲೆಟ್‌ಗಳ ಚೀಲಕ್ಕೆ ಕನಿಷ್ಠ 25 ಗ್ರೇ ಪ್ರಮಾಣದ ವಿಕಿರಣ ಹಾಯಿಸಲೇಬೇಕು. ಅದರಿಂದ ಬಿಳಿ ಕಣಗಳು ಬೆಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಬಿಳಿ ಕಣ ಸೋಸುವ ಫಿಲ್ಟರ್ ಇದಕ್ಕೆ ಬದಲಿಯಲ್ಲ, ಏಕೆಂದರೆ ಉಳಿದ ಕೆಲವೇ ಕಣಗಳೂ ಸಾಕಾಗುತ್ತವೆ. ವಿಕಿರಣ ಹಾಯಿಸುವ ಯಂತ್ರ ಇರುವುದು ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ. ತಾಲ್ಲೂಕು ಕೇಂದ್ರಗಳಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಹಾಯಿಸಿದ ಚೀಲಕ್ಕೆ ಅಂಟಿಸುವ ಸೂಚಕ ಪಟ್ಟಿ ಬಣ್ಣ ಬದಲಿಸಿ ಕೆಲಸ ಆಗಿದೆಯೆಂದು ತೋರಿಸುತ್ತದೆ. ‘ವಿಕಿರಣ ಆಗಿದೆಯೇ?’ ಎಂದು ಕೇಳುವ ಹಕ್ಕು ಹೆತ್ತವರಿಗಿದೆ, ಕೇಳಲೇಬೇಕು.

ಮುಂದೆ ಅಸ್ಥಿಮಜ್ಜೆ ಕಸಿ ಬೇಕಾಗಬಹುದಾದ ಮಕ್ಕಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಬೇಕು. ಥಲಸ್ಸೇಮಿಯಾ, ಅಪ್ಲಾಸ್ಟಿಕ್ ಅನೀಮಿಯಾ ಮುಂತಾದ ಕಾಯಿಲೆಗಳಲ್ಲಿ ಪೂರ್ಣ ಗುಣದ ಆಸೆ ನಿಂತಿರುವುದು ಹೆಚ್ಚಾಗಿ ಒಡಹುಟ್ಟಿದವರ ಅಥವಾ ತಂದೆತಾಯಿಯ ಮಜ್ಜೆಯ ಮೇಲೆ. ಅವರದೇ ರಕ್ತವನ್ನು ಮೊದಲೇ ಮಗುವಿಗೆ ಕೊಟ್ಟರೆ, ಮಗುವಿನ ದೇಹ ಆ ಗುರುತುಗಳ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡು, ನಾಳೆ ಅದೇ ಮನೆಯವರ ಮಜ್ಜೆಯನ್ನು ತಿರಸ್ಕರಿಸುವ ಸಾಧ್ಯತೆ ಹೆಚ್ಚುತ್ತದೆ. ಇಂದಿನ ಒಂದು ಚೀಲಕ್ಕಾಗಿ ನಾಳೆಯ ಗುಣವನ್ನೇ ಪಣಕ್ಕಿಟ್ಟಂತಾಗುತ್ತದೆ. ಆದ್ದರಿಂದ ಕಸಿಯ ಮಾತು ದೂರದಲ್ಲಿದ್ದರೂ, ರಕ್ತಸಂಬಂಧಿಗಳ ರಕ್ತ ಬೇಡ ಎನ್ನುವುದು ತಜ್ಞರ ಸ್ಪಷ್ಟ ಸಲಹೆ.

ನವಜಾತ ಶಿಶುವಿನ ಸ್ಥಿತಿ ಇನ್ನೊಂದು ಬಗೆಯದು. ಗರ್ಭದಲ್ಲಿದ್ದಾಗ ತಾಯಿಯ ಪ್ರತಿಕಾಯಗಳು ಮಗುವಿನ ಮೈಗೆ ಹರಿದು ಬಂದಿರುತ್ತವೆ. ಅವುಗಳಲ್ಲಿ ಕೆಲವು ತಂದೆಯಿಂದ ಬಂದ ಗುರುತುಗಳ ವಿರುದ್ಧ ಹುಟ್ಟಿದವು. ತಂದೆಯ ರಕ್ತ ಕೊಟ್ಟರೆ ಮಗುವಿನ ಮೈಯಲ್ಲಿರುವ ತಾಯಿಯ ಪ್ರತಿಕಾಯಗಳು ತಂದೆಯ ಕಣಗಳನ್ನು ಒಡೆಯಬಹುದು. ತಾಯಿಯ ರಕ್ತ ಕೊಟ್ಟರೆ ಅದರ ಪ್ಲಾಸ್ಮಾದಲ್ಲಿರುವ ಪ್ರತಿಕಾಯಗಳು ಮಗುವಿನ ಕಣಗಳ ಮೇಲೇ ಬೀಳಬಹುದು. ಅದಿಲ್ಲದಿದ್ದರೂ, ಹೆರಿಗೆಯಾದ ಒಂದು ವರ್ಷ ಮತ್ತು ಎದೆಹಾಲು ಕುಡಿಸುವಷ್ಟು ಕಾಲ ಹೆಂಗಸರು ರಕ್ತ ಕೊಡಬಾರದೆಂದೇ ನಮ್ಮ ಮಾರ್ಗಸೂಚಿ ಹೇಳುತ್ತದೆ. ಬಾಣಂತಿಯ ಮೈಯಿಂದ ರಕ್ತ ತೆಗೆಯುವುದು ಆಕೆಗೂ ಒಳ್ಳೆಯದಲ್ಲ.

ತಾಜಾ ರಕ್ತ, ಒಬ್ಬನೇ ದಾನಿ ಎಂಬ ಆಸೆ

ಇಲ್ಲಿಯವರೆಗಿನದನ್ನು ಒಪ್ಪಿದವರೂ ಎರಡು ಆಕ್ಷೇಪ ಎತ್ತುತ್ತಾರೆ. ಮೊದಲನೆಯದು: ಫ್ರಿಜ್ಜಿನಲ್ಲಿಟ್ಟ ರಕ್ತಕ್ಕಿಂತ ಆಗಷ್ಟೇ ತೆಗೆದ ರಕ್ತದಲ್ಲಿ ಸತ್ವ ಹೆಚ್ಚಲ್ಲವೇ? ಇದನ್ನು ಮಕ್ಕಳ ಮೇಲೆಯೇ ಶಿಸ್ತಿನಿಂದ ಪರೀಕ್ಷಿಸಿ ನೋಡಲಾಗಿದೆ. ಕೆನಡಾದಲ್ಲಿ ಅವಧಿಗೆ ಮುನ್ನ ಹುಟ್ಟಿದ 377 ಶಿಶುಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಾಜಾ ಕೆಂಪು ಕಣಗಳಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. 2015ರಲ್ಲಿ ಉಗಾಂಡಾದಲ್ಲಿ ತೀವ್ರ ರಕ್ತಹೀನತೆಯ 290 ಮಕ್ಕಳಲ್ಲೂ ಫಲಿತಾಂಶ ಹಾಗೇ ಬಂತು. ತೀವ್ರ ನಿಗಾ ಘಟಕಗಳಲ್ಲಿದ್ದ ಸಾವಿರದ ಐನೂರಕ್ಕೂ ಹೆಚ್ಚು ಮಕ್ಕಳ ಮೇಲೆ ಹಲವು ದೇಶಗಳಲ್ಲಿ ನಡೆದು 2019ರಲ್ಲಿ ಹೊರಬಂದ ಅಧ್ಯಯನವೂ ಅದನ್ನೇ ಹೇಳಿತು. ಇದಲ್ಲದೆ, ಈಗ ತೆಗೆದ ರಕ್ತವನ್ನು ಈಗಲೇ ಹಾಕುವಂತೆಯೇ ಇಲ್ಲ. ಗ್ರೂಪ್ ನೋಡಿ, ಸೋಂಕುಗಳಿಗೆ ಪರೀಕ್ಷಿಸಿ, ಅಂಶಗಳನ್ನು ಬೇರ್ಪಡಿಸಿ, ಮಗುವಿನ ರಕ್ತದೊಂದಿಗೆ ಹೊಂದುತ್ತದೆಯೇ ಎಂದು ಕ್ರಾಸ್ ಮ್ಯಾಚ್ ಮಾಡಿ ನೋಡುವಷ್ಟರಲ್ಲಿ ಗಂಟೆಗಳು ಕಳೆಯುತ್ತವೆ. ತುರ್ತಿನಲ್ಲಿ ಮಗುವಿನ ಜೀವ ಉಳಿಸುವುದು ಯಾರೋ ಕಳೆದ ವಾರವೇ ಕೊಟ್ಟು, ಪರೀಕ್ಷೆ ಮುಗಿದು, ಎರಡರಿಂದ ಆರು ಡಿಗ್ರಿ ತಣ್ಣಗಿನ ಫ್ರಿಜ್ಜಿನಲ್ಲಿ ಕಾದಿರುವ ಚೀಲ.

ಎರಡನೆಯ ಆಕ್ಷೇಪದಲ್ಲಿ ಹುರುಳಿದೆ: ಮಗುವಿಗೆ ಹಲವರ ರಕ್ತ ಸೇರಿದಷ್ಟೂ ಅಪಾಯ ಹೆಚ್ಚು, ಆದ್ದರಿಂದ ಒಬ್ಬನೇ ದಾನಿ ಇದ್ದರೆ ಒಳ್ಳೆಯದಲ್ಲವೇ? ಹೌದು, ಒಳ್ಳೆಯದೇ. ಆದರೆ ಅದಕ್ಕೆ ಆ ದಾನಿ ಮನೆಯವನೇ ಆಗಬೇಕಿಲ್ಲ. ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದು ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಲೀಟರ್ ಕೆಂಪು ಕಣ. ಒಂದೂವರೆ ಕಿಲೋ ಶಿಶುವಿಗೆ ಒಂದು ಸಲಕ್ಕೆ ಬೇಕಾಗುವುದು 15ರಿಂದ 22 ಮಿಲಿಲೀಟರ್ ಅಷ್ಟೇ. ಒಬ್ಬ ಸ್ವಯಂಪ್ರೇರಿತ ದಾನಿಯ ಒಂದು ಚೀಲವನ್ನು, ಅದಕ್ಕೆ ಜೋಡಿಸಿದ ಪುಟ್ಟ ಚೀಲಗಳಿಗೆ ಗಾಳಿ ಸೋಕದಂತೆ ಹಂಚಿಟ್ಟು, ಅದೇ ಶಿಶುವಿಗೆ ಮತ್ತೆ ಮತ್ತೆ ಬೇಕಾದಾಗ ಒಂದೊಂದನ್ನು ಬಳಸಬಹುದು. ನವಜಾತ ಶಿಶುಗಳ ಘಟಕವಿರುವ ಆಸ್ಪತ್ರೆಯಲ್ಲಿ ಹೆತ್ತವರು ಕೇಳಬೇಕಾದ ಪ್ರಶ್ನೆ ‘ನನ್ನ ರಕ್ತ ತೆಗೆದುಕೊಳ್ಳುತ್ತೀರಾ?’ ಎಂಬುದಲ್ಲ, ‘ಮಕ್ಕಳ ಚಿಕ್ಕ ಚೀಲ ಸಿಗುತ್ತದೆಯೇ?’ ಎಂಬುದು.

ಇನ್ನು, ಮತ್ತೆ ಮತ್ತೆ ರಕ್ತ ಬೇಕಾದ ಮಗುವನ್ನು ಮನೆಯವರಷ್ಟೇ ಸಾಕಲಾರರು ಎಂಬುದು ಸರಳ ಲೆಕ್ಕ. ಥಲಸ್ಸೇಮಿಯಾ ಮಗುವಿಗೆ ಮೂರು ವಾರಕ್ಕೊಮ್ಮೆ ಎಂದರೂ ವರ್ಷಕ್ಕೆ 17 ಸಲ ರಕ್ತ ಬೇಕು. ಬೆಳೆದ ಮೇಲೆ ಸಲಕ್ಕೆ ಎರಡು ಚೀಲ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಮಾತ್ರ ರಕ್ತ ಕೊಡಬಹುದು. ಅಂದರೆ ಗ್ರೂಪ್ ಹೊಂದುವ ಐವರು ಗಂಡಸರು ವರ್ಷವಿಡೀ ನಿಯಮಿತವಾಗಿ ಕೊಟ್ಟರಷ್ಟೇ ಆರಂಭದ ವರ್ಷಗಳ ಅಗತ್ಯ ತೂಗೀತು. ಆ ಮಗುವಿನ ತಂದೆತಾಯಿ ಇಬ್ಬರೂ ಕಾಯಿಲೆಯ ವಾಹಕರಾಗಿರುತ್ತಾರೆ. ವಾಹಕರ ಹಿಮೋಗ್ಲೋಬಿನ್ ದಾನಕ್ಕೆ ಬೇಕಾದ 12.5 ಗ್ರಾಂ ಮಟ್ಟ ಮುಟ್ಟದಿರುವುದೇ ಹೆಚ್ಚು. ಇಂಥ ಮಕ್ಕಳು ಬದುಕುತ್ತಿರುವುದು ಹೆಸರೂ ಗೊತ್ತಿಲ್ಲದ ನೂರಾರು ಜನರ ದಾನದಿಂದಲೇ.

‘ರೀಪ್ಲೇಸ್‌ಮೆಂಟ್ ತನ್ನಿ’ ಎಂದರೆ?

ಇವೆರಡರ ಜೊತೆಗೆ ಇನ್ನೊಂದು ಆಕ್ಷೇಪವೂ ಇದೆ, ಅದು ವ್ಯವಹಾರದ್ದು: ‘ನೀವು ಹೇಳುವುದು ಸರಿ, ಆದರೆ ಕೌಂಟರಿನಲ್ಲಿ ರೀಪ್ಲೇಸ್‌ಮೆಂಟ್ ಕೊಡದೆ ಚೀಲ ಕೊಡುವುದಿಲ್ಲ ಅನ್ನುತ್ತಾರಲ್ಲ?’ ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಬದಲಿಯಾಗಿ ಕೊಟ್ಟ ರಕ್ತ ನಿಮ್ಮ ಮಗುವಿಗೇ ಹೋಗುವುದಿಲ್ಲ, ಅದು ದಾಸ್ತಾನಿಗೆ ಸೇರಿ ಇನ್ಯಾರಿಗೋ ಸಲ್ಲುತ್ತದೆ. ಆ ಮಟ್ಟಿಗೆ ಅದು ಮಗುವಿಗೆ ಅಪಾಯವಲ್ಲ. ಆದರೆ ಅದನ್ನು ಷರತ್ತಾಗಿಸುವುದು ತಪ್ಪು. 2002ರ ರಾಷ್ಟ್ರೀಯ ರಕ್ತ ನೀತಿ ಬದಲಿ ದಾನವನ್ನು ಹಂತಹಂತವಾಗಿ ಕೈಬಿಟ್ಟು ಸ್ವಯಂಪ್ರೇರಿತ ದಾನದತ್ತ ಸಾಗಬೇಕೆಂದು ಹೇಳಿದೆ. ಷರತ್ತು ಹಾಕಿದಾಗ ನಲುಗುವವರು ದೂರದೂರಿಂದ ಬಂದು ಗುರುತಿನವರಿಲ್ಲದ ಬಡವರು. ಆಸ್ಪತ್ರೆಯ ಗೇಟಿನ ಬಳಿ ದಲ್ಲಾಳಿಗಳು ಹುಟ್ಟಿಕೊಳ್ಳುವುದು ಅಲ್ಲೇ. ಹಣಕ್ಕೆ ರಕ್ತ ಕೊಡುವುದನ್ನು ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ನಿಷೇಧಿಸಲಾಗಿದೆ. ದುಡ್ಡಿಗೆ ಕೊಡುವವನು ತನ್ನ ಕಾಯಿಲೆ ಮುಚ್ಚಿಡುತ್ತಾನೆ ಎಂಬುದೇ ಅದಕ್ಕೆ ಕಾರಣ. ಎಷ್ಟೇ ತುರ್ತಿದ್ದರೂ ಅಂಥವರ ಹತ್ತಿರ ಹೋಗಬೇಡಿ. ರಕ್ತ ಮಾರಾಟದ ವಸ್ತುವಲ್ಲ. ರಕ್ತನಿಧಿಗಳು ಸಂಸ್ಕರಣಾ ಶುಲ್ಕ ಮಾತ್ರ ಪಡೆಯಬಹುದು. ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆಯ ರೋಗಿಗಳಿಗೆ ಆ ಶುಲ್ಕದಿಂದಲೂ ವಿನಾಯಿತಿ ಇದೆ. ಅದನ್ನು ಕೇಳಿ ಪಡೆಯಿರಿ.

ಚಿಕ್ಕ ಊರಿನಲ್ಲಿ ದಾಸ್ತಾನೇ ಇಲ್ಲ, ಮಗು ಕೈಮೀರುತ್ತಿದೆ ಎನ್ನುವಾಗ ಏನು ಮಾಡಬೇಕು? ಜೀವ ಮೊದಲು. ಅಂಥ ಹೊತ್ತಿನಲ್ಲಿ ವೈದ್ಯರು ಸ್ಥಳದಲ್ಲಿರುವವರ ರಕ್ತವನ್ನೇ ಪರೀಕ್ಷಿಸಿ ಕೊಡಬೇಕೆಂದು ತೀರ್ಮಾನಿಸಿದರೆ ಅಡ್ಡಿ ಮಾಡಬಾರದು. ಆದರೆ ಅಲ್ಲೂ ರಕ್ತಸಂಬಂಧಿಗಿಂತ ಅಪ್ಪನ ಸ್ನೇಹಿತ, ನೆರೆಮನೆಯವರು, ಶಾಲೆಯ ಮೇಷ್ಟ್ರು ಮೇಲು. ಇನ್ನು ಕೆಲವು ಕಡೆ ಮನೆಯವರ ರಕ್ತವೇ ಸರಿಯಾದ ಉತ್ತರ. 1952ರಲ್ಲಿ ಮುಂಬೈಯಲ್ಲಿ ಮೊದಲು ಗುರುತಿಸಲಾದ ಬಾಂಬೆ ಗ್ರೂಪ್ ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲೂ ಕಂಡುಬರುವ ಅತಿ ಅಪರೂಪದ ಗುಂಪು. ಆ ಮಕ್ಕಳಿಗೆ ಓ ಗ್ರೂಪಿನ ರಕ್ತವೂ ಆಗುವುದಿಲ್ಲ. ಅದೇ ಗುಂಪಿನ ಒಡಹುಟ್ಟಿದವರು ಸಿಕ್ಕರೆ ಅವರದನ್ನು ವಿಕಿರಣ ಹಾಯಿಸಿ ಬಳಸುತ್ತಾರೆ. ತಾಯಿಯ ಪ್ರತಿಕಾಯಗಳಿಂದ ನವಜಾತ ಶಿಶುವಿನ ಪ್ಲೇಟ್‌ಲೆಟ್ ನಾಶವಾಗುವ ಒಂದು ಕಾಯಿಲೆಯಲ್ಲಿ, ಹೊಂದುವ ದಾನಿ ಸಿಗದಿದ್ದರೆ, ತಾಯಿಯ ಪ್ಲೇಟ್‌ಲೆಟ್ಟನ್ನೇ ತೊಳೆದು, ವಿಕಿರಣ ಹಾಯಿಸಿ ಕೊಡುವುದುಂಟು. ಇವು ತಜ್ಞರೇ ಕಾರಣ ಹೇಳಿ ಕೇಳುವ ಸಂದರ್ಭಗಳು. ಮನೆಯವರು ತಾವಾಗಿ ಆರಿಸಿಕೊಳ್ಳುವಂಥವಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲು, ರಕ್ತ ನಿಜಕ್ಕೂ ಬೇಕೇ ಎಂದು ಕೇಳಿ. ಮಳೆಗಾಲದ ಡೆಂಗಿ ಜ್ವರದಲ್ಲಿ ಪ್ಲೇಟ್‌ಲೆಟ್ 50 ಸಾವಿರಕ್ಕೆ ಇಳಿಯಿತೆಂದು ಮನೆಮಂದಿಯೆಲ್ಲ ದಾನಿಗಳನ್ನು ಹುಡುಕುತ್ತಾ ಓಡುವುದನ್ನು ಪ್ರತಿ ವರ್ಷ ಕಾಣುತ್ತೇವೆ. ರಕ್ತಸ್ರಾವವಿಲ್ಲದಿದ್ದರೆ, ಎಣಿಕೆ 10 ಸಾವಿರಕ್ಕಿಂತ ಕೆಳಗಿಳಿಯುವವರೆಗೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಬೇಕಾಗುವುದಿಲ್ಲ. ಆ ಮಗುವಿಗೆ ಹೆಚ್ಚು ಮುಖ್ಯ ದ್ರವದ ನಿಭಾವಣೆ. ಬೇಕೇ ಬೇಕು ಎಂದಾದರೆ ಯಾವ ಅಂಶ, ಎಷ್ಟು, ಯಾವಾಗ ಎಂಬುದನ್ನು ಬರೆಸಿಕೊಳ್ಳಿ. ಮಗುವಿಗೆ ಮುಂದೆ ಮಜ್ಜೆ ಕಸಿಯ ಸಾಧ್ಯತೆ ಇದೆಯೇ, ವಿಕಿರಣ ಹಾಯಿಸಿದ ಅಥವಾ ಬಿಳಿ ಕಣ ಸೋಸಿದ ರಕ್ತ ಬೇಕೇ, ರಕ್ತನಿಧಿಯಲ್ಲಿ ನ್ಯಾಟ್ ಪರೀಕ್ಷೆ ಇದೆಯೇ ಎಂದು ಕೇಳಿ. ಅಲ್ಲಿ ದಾಸ್ತಾನಿಲ್ಲದಿದ್ದರೆ ಕೇಂದ್ರ ಸರ್ಕಾರದ ಇ-ರಕ್ತಕೋಶ್ ಜಾಲತಾಣದಲ್ಲಿ ಸುತ್ತಮುತ್ತಲ ರಕ್ತನಿಧಿಗಳಲ್ಲಿ ಯಾವ ಗುಂಪು ಎಷ್ಟಿದೆ ಎಂದು ನೋಡಿ, ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ತಂಪು ಕೆಡದಂತೆ, ರಕ್ತನಿಧಿ ಕೊಡುವ ಡಬ್ಬಿಯಲ್ಲೇ ತಂದುಕೊಡಿ. ಮನೆಯ ಪ್ಲಾಸ್ಟಿಕ್ ಕವರಿನಲ್ಲಿ ತರಬೇಡಿ.

ಚೀಲ ಹಾಸಿಗೆಯ ಬಳಿ ಬಂದಾಗ ಅದರ ಮೇಲಿನ ಚೀಟಿಯನ್ನು ನರ್ಸ್ ಜೊತೆ ನೀವೂ ಒಮ್ಮೆ ಓದಿ. ನಮ್ಮಲ್ಲಿ ಚೀಟಿಯ ಬಣ್ಣವೇ ಗುಂಪನ್ನು ಹೇಳುತ್ತದೆ: ಓ ಗುಂಪಿಗೆ ನೀಲಿ, ಎ ಗುಂಪಿಗೆ ಹಳದಿ, ಬಿ ಗುಂಪಿಗೆ ಗುಲಾಬಿ, ಎಬಿ ಗುಂಪಿಗೆ ಬಿಳಿ. ಅದರ ಮೇಲೆ ಚೀಲದ ಸಂಖ್ಯೆ, ಆರ್‌ಎಚ್ ಪಾಸಿಟಿವೋ ನೆಗೆಟಿವೋ ಎಂಬುದು, ತೆಗೆದ ದಿನ, ಅವಧಿ ಮುಗಿಯುವ ದಿನ, ಸೋಂಕು ಪರೀಕ್ಷೆ ಆಗಿದೆ ಎಂಬ ಒಕ್ಕಣೆ ಇರಬೇಕು. ಕ್ರಾಸ್ ಮ್ಯಾಚ್ ಚೀಟಿಯಲ್ಲಿ ನಿಮ್ಮ ಮಗುವಿನ ಹೆಸರು, ಆಸ್ಪತ್ರೆ ಸಂಖ್ಯೆ, ಅದೇ ಚೀಲದ ಸಂಖ್ಯೆ ಇರಬೇಕು. ರಕ್ತ ಹಾಕುವಾಗ ಆಗುವ ಮಾರಕ ತಪ್ಪುಗಳಲ್ಲಿ ಹೆಚ್ಚಿನವು ಒಬ್ಬರ ಚೀಲ ಇನ್ನೊಬ್ಬರಿಗೆ ಹೋದದ್ದರಿಂದ ಆಗುವಂಥವು. ಮೊದಲ ಹದಿನೈದು ನಿಮಿಷ ಮಗುವಿನ ಪಕ್ಕದಿಂದ ಕದಲಬೇಡಿ. ಚಳಿ, ಜ್ವರ, ಮೈ ತುರಿಕೆ, ಉಸಿರಾಟದ ಕಷ್ಟ, ಕೆಂಪು ಮೂತ್ರ ಕಂಡರೆ ಕೂಡಲೇ ಸಿಬ್ಬಂದಿಯನ್ನು ಕರೆಯಿರಿ.

ಮನೆಯವರು ಏನು ಕೊಡಬಹುದು? ರಕ್ತವನ್ನೇ ಕೊಡಿ, ಆದರೆ ಹೆಸರು ಬರೆಸದೆ ರಕ್ತನಿಧಿಗೆ ಕೊಡಿ. 18 ವರ್ಷ ತುಂಬಿ, 45 ಕಿಲೋ ತೂಕವಿದ್ದು, ಹಿಮೋಗ್ಲೋಬಿನ್ 12.5 ಇದ್ದ ಆರೋಗ್ಯವಂತರೆಲ್ಲ ಕೊಡಬಹುದು. ಮಗುವಿನ ಶಸ್ತ್ರಚಿಕಿತ್ಸೆಗೆ ತಿಂಗಳ ಮೊದಲೇ ದಿನ ಗೊತ್ತಾಗಿದ್ದರೆ ಅದಕ್ಕೆ ಮುಂಚೆಯೇ ಗೆಳೆಯರನ್ನು ಕರೆದುಕೊಂಡು ಹೋಗಿ. ನೀವು ಕೊಟ್ಟದ್ದು ಯಾರದೋ ಮಗುವಿಗೆ ಸಲ್ಲುತ್ತದೆ, ಯಾರೋ ಕೊಟ್ಟದ್ದು ನಿಮ್ಮ ಮಗುವಿಗೆ ಸಲ್ಲುತ್ತದೆ. ಕೊಡಲು ಬಾರದ ಕಾರಣವಿರುವ ಬಂಧುವನ್ನು ಕಾರಣ ಕೇಳಿ ಹಿಂಸಿಸಬೇಡಿ. ಅವರು ‘ಆಗುವುದಿಲ್ಲ’ ಎಂದದ್ದೇ ನಿಮ್ಮ ಮಗುವಿಗೆ ಮಾಡಿದ ಉಪಕಾರವಾಗಿರಬಹುದು. ಮಗು ಗುಣವಾಗಿ ಮನೆಗೆ ಬಂದ ಮೇಲೆ ಈ ದಾನವನ್ನು ನಿಲ್ಲಿಸಬೇಡಿ. ಮೂರು ತಿಂಗಳಿಗೊಮ್ಮೆ ಒಬ್ಬರಾದರೂ ಕೊಡುವ ಮನೆಗಳು ಒಂದೊಂದು ಬೀದಿಯಲ್ಲಿ ನಾಲ್ಕಿದ್ದರೆ, ಯಾವ ತಂದೆತಾಯಿಯೂ ರಾತ್ರೋರಾತ್ರಿ ಫೋನ್ ಹಿಡಿದು ದಾನಿಗಳಿಗಾಗಿ ಅಂಗಲಾಚಬೇಕಾಗಿ ಬರುವುದಿಲ್ಲ.